ಗೋಡೆಗಳೇ ಗುರುವಾದ ಊರು

ಪ್ಯಾರಿಸ್ಸಿಗೆ ಹೋದವರು ಐಫೆಲ್ ಗೋಪುರ ಹತ್ತದೆ, ಲೂವ್ರ್ ವಸ್ತುಸಂಗ್ರಹಾಲಯ ನೋಡದೆ ಹಿಂತಿರುಗುವುದು ಅಪರೂಪ. ಆದರೆ ಒಂದು ಬಗೆಯ ಪ್ರವಾಸಿಗಳು ಇವೆರಡನ್ನೂ ಬದಿಗಿಟ್ಟು ನಗರದ ದಕ್ಷಿಣಕ್ಕೆ ಹೋಗುವ ಉಪನಗರ ರೈಲು ಹತ್ತುತ್ತಾರೆ. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಹೆಗಲಲ್ಲೊಂದು ಸಣ್ಣ ಚೀಲ, ಕಾಲಲ್ಲಿ ಅಡಿ ಸವೆದ ಬೂಟು, ಅಂಗೈಯಲ್ಲಿ ಗಟ್ಟಿಯಾದ ಗಂಟು. ಅವರು ನೋಡಹೊರಟಿರುವುದು ಅರಮನೆಯನ್ನಲ್ಲ, ಚಿತ್ರಶಾಲೆಯನ್ನಲ್ಲ. ಕೆಲವು ಗೋಡೆಗಳನ್ನು, ಕೆಲವು ಮೆಟ್ಟಿಲುಗಳನ್ನು, ಮತ್ತೆ ಕೊಳವೊಂದರ ಬಳಿ ನಿಂತಿರುವ ಕಾಂಕ್ರೀಟಿನ ಒಂದು ವಿಚಿತ್ರ ಆಕೃತಿಯನ್ನು!

ಅವರು ಇಳಿಯುವ ಊರು ಎವ್ರಿ. ಅದಕ್ಕೆ ಅಂಟಿಕೊಂಡಿರುವ, ಹತ್ತು ಸಾವಿರ ಜನರೂ ಇಲ್ಲದ ಪುಟ್ಟ ಊರು ಲಿಸ್. ಪ್ಯಾರಿಸ್ಸಿನ ಮಧ್ಯಭಾಗದಿಂದ ಸುಮಾರು ಮೂವತ್ತು ಕಿಲೋಮೀಟರು ದೂರ. ಇಂದು ಜಗತ್ತಿನಾದ್ಯಂತ ಹರಡಿರುವ ‘ಪಾರ್ಕೋರ್’ ಎಂಬ ವಿದ್ಯೆ ಹುಟ್ಟಿ ಬೆಳೆದದ್ದು ಇಲ್ಲಿ. ಎದುರಿಗೆ ಬಂದ ಗೋಡೆ, ಕಟಕಟೆ, ಮೆಟ್ಟಿಲು, ಹಳ್ಳ ಯಾವುದೇ ಇರಲಿ, ಸಲಕರಣೆಗಳ ನೆರವಿಲ್ಲದೆ ಕೇವಲ ಕೈಕಾಲುಗಳ ಬಲದಿಂದ ಅದನ್ನು ದಾಟಿ ಒಂದೆಡೆಯಿಂದ ಇನ್ನೊಂದೆಡೆಗೆ ಚುರುಕಾಗಿ, ಪೆಟ್ಟಾಗದಂತೆ ತಲುಪುವುದೇ ಪಾರ್ಕೋರ್. ಇದರ ಅಭ್ಯಾಸಿಯನ್ನು ಫ್ರೆಂಚರು ‘ತ್ರಾಸರ್’ ಎನ್ನುತ್ತಾರೆ. ಹಾದಿಯನ್ನು ಗೆರೆಯಂತೆ ಎಳೆದುಕೊಂಡು ಹೋಗುವವನು ಎಂದು ಅರ್ಥ.

ಮೊಬೈಲಿನ ಪರದೆಯ ಮೇಲೆ ಇದನ್ನು ಕಂಡ ಹುಡುಗರ ಕಣ್ಣು ಅರಳುತ್ತದೆ. ಅದೇ ದೃಶ್ಯವನ್ನು ಕಂಡ ತಂದೆತಾಯಿಯರ ಎದೆ ಧಸಕ್ಕೆನ್ನುತ್ತದೆ. ಎರಡೂ ಸಹಜವೇ. ಆದರೆ ಇವೆರಡರ ನಡುವೆ ನಿಜ ಏನು ಎಂಬುದನ್ನು ತಿಳಿಯಬೇಕಾದರೆ ಲಿಸ್ ಊರಿನ ಕಥೆಯನ್ನು ಮೊದಲಿನಿಂದ ಕೇಳಬೇಕು.

ಹೊಸ ನಗರ, ಹೊಸ ಗೋಡೆ

ಎರಡನೆಯ ಮಹಾಯುದ್ಧದ ನಂತರ ಪ್ಯಾರಿಸ್ಸಿನ ಜನಸಂಖ್ಯೆ ಮಿತಿಮೀರಿ ಬೆಳೆಯಿತು. ನಗರವನ್ನು ಹಿಗ್ಗಾಮುಗ್ಗಾ ಬೆಳೆಯಲು ಬಿಡುವ ಬದಲು ಸುತ್ತಮುತ್ತ ಯೋಜಿತ ‘ಹೊಸ ನಗರ’ಗಳನ್ನು ಕಟ್ಟಬೇಕೆಂದು 1965ರಲ್ಲಿ ಫ್ರಾನ್ಸ್ ಸರ್ಕಾರ ನಿರ್ಧರಿಸಿತು. ಹಾಗೆ ಹೊಲಗದ್ದೆಗಳ ಮಧ್ಯೆ ತಲೆಯೆತ್ತಿದ ನಗರಗಳಲ್ಲಿ ಎವ್ರಿಯೂ ಒಂದು. ಅದು ಎಸ್ಸೋನ್ ಜಿಲ್ಲೆಯ ಕೇಂದ್ರಸ್ಥಾನವೂ ಆಯಿತು. 2019ರಲ್ಲಿ ನೆರೆಯ ಕುರ್‌ಕುರೋನ್ ಜೊತೆ ಸೇರಿ ಎವ್ರಿ-ಕುರ್‌ಕುರೋನ್ ಎಂಬ ಒಂದೇ ಪುರಸಭೆಯಾಗಿದೆ.

ಎವ್ರಿಯನ್ನು ಯೋಜಿಸಿದವರು ಒಂದು ವಿಶೇಷವನ್ನು ಮಾಡಿದರು. ವಾಹನಗಳು ಕೆಳಗಿನ ರಸ್ತೆಗಳಲ್ಲಿ ಓಡಲಿ, ಪಾದಚಾರಿಗಳು ಮೇಲಿನ ಹಂತದಲ್ಲಿ ಪ್ರತ್ಯೇಕವಾಗಿ ನಡೆಯಲಿ ಎಂದು ನಗರದ ಹಲವೆಡೆ ಎರಡು ಹಂತಗಳನ್ನು ಕಲ್ಪಿಸಿದರು. ಇದರ ಫಲವಾಗಿ ಊರ ತುಂಬ ಕಾಲುಸೇತುವೆಗಳು, ಇಳಿಜಾರುಗಳು, ಮೆಟ್ಟಿಲ ಸಾಲುಗಳು, ಮೊಣಕಾಲೆತ್ತರದಿಂದ ಆಳೆತ್ತರದವರೆಗಿನ ಬಗೆಬಗೆಯ ಗೋಡೆಗಳು, ಕಬ್ಬಿಣದ ಕಟಕಟೆಗಳು ಹುಟ್ಟಿಕೊಂಡವು. ದೊಡ್ಡವರಿಗೆ ಇವೆಲ್ಲ ಸುತ್ತಿ ಬಳಸಿ ನಡೆಯಬೇಕಾದ ತೊಡಕುಗಳಾಗಿ ಕಂಡಿರಬಹುದು. ಮಕ್ಕಳಿಗೆ ಕಂಡದ್ದೇ ಬೇರೆ. ಮರವನ್ನು ಕಂಡರೆ ನಮ್ಮ ಹಳ್ಳಿಯ ಹುಡುಗರಿಗೆ ಮರಕೋತಿ ಆಟ ನೆನಪಾಗುವುದಿಲ್ಲವೇ? ಹಾಗೆಯೇ ಅಲ್ಲಿನ ಹುಡುಗರಿಗೆ ಆ ಗೋಡೆಗಳು ಆಟದ ಕೊಂಬೆಗಳಾದವು.

ಊರಿನಲ್ಲಿ ನೋಡತಕ್ಕ ಬೇರೆ ತಾಣಗಳೂ ಇವೆ. ಸ್ವಿಸ್ ವಾಸ್ತುಶಿಲ್ಪಿ ಮಾರಿಯೊ ಬೊಟ್ಟಾ ವಿನ್ಯಾಸಗೊಳಿಸಿದ, 1995ರಲ್ಲಿ ಪೂರ್ಣಗೊಂಡ ಕ್ಯಾಥೆಡ್ರಲ್ ಕೆಂಪು ಇಟ್ಟಿಗೆಯ ಒಂದು ಭಾರಿ ದುಂಡು ಗೋಪುರ. ಅದನ್ನು ಮೇಲ್ಭಾಗದಲ್ಲಿ ಓರೆಯಾಗಿ ಕತ್ತರಿಸಿದಂತಿದ್ದು, ಆ ಅಂಚಿನ ಸುತ್ತ ಮರಗಳನ್ನು ಬೆಳೆಸಲಾಗಿದೆ! ಆದರೂ ಬೂಟಿನ ಅಡಿ ಸವೆದ ಪ್ರವಾಸಿಗಳು ಇದನ್ನು ದೂರದಿಂದಲೇ ನೋಡಿ, ಲಿಸ್ ಗಡಿಯಲ್ಲಿರುವ ಕೊಳದ ಉದ್ಯಾನದತ್ತ ಹೆಜ್ಜೆ ಹಾಕುತ್ತಾರೆ. ಅಲ್ಲಿರುವುದೇ ‘ದಾಮ್ ದ್ಯು ಲಾಕ್’, ಅಂದರೆ ಸರೋವರದ ಒಡತಿ.

ಹಂಗೇರಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಶಿಲ್ಪಿ ಪಿಯೆರ್ ಸೇಕೆಲಿ 1975ರಲ್ಲಿ ಇದನ್ನು ರಚಿಸಿದರು. ನೋಡುವುದಕ್ಕಷ್ಟೇ ಅಲ್ಲ, ಹತ್ತುವುದಕ್ಕೂ ಮಾಡಿದ ಶಿಲ್ಪ ಇದು. ಕಟ್ಟಡವೊಂದರಷ್ಟು ಎತ್ತರ, ಅಲ್ಲಲ್ಲಿ ಉಬ್ಬು ತಗ್ಗು, ಕೈಯೂರಲು ಬಿರುಕು, ಬಾಗಿದ ಚಾಚು. ಎಂಬತ್ತರ ದಶಕದ ಕೊನೆ ಹಾಗೂ ತೊಂಬತ್ತರ ದಶಕದಲ್ಲಿ ಈ ಪ್ರದೇಶದ ಒಂದಷ್ಟು ಹುಡುಗರಿಗೆ ಇದೇ ಪಾಠಶಾಲೆಯಾಯಿತು. ಮುಂದೆ ಸುರಕ್ಷತೆಯ ಕಾರಣದಿಂದ ಇದನ್ನು ಹತ್ತುವುದಕ್ಕೆ ನಿಷೇಧ ಬಂತು, ಬೇಲಿಯೂ ಬಂತು. ಸಾವಿರಾರು ಮೈಲಿ ದೂರದಿಂದ ಬಂದ ಯುವಕರು ಒಡತಿಯನ್ನು ಬೇಲಿಯ ಈಚೆಯಿಂದಲೇ ನೋಡಿ, ಸುತ್ತಲಿನ ತಗ್ಗು ಗೋಡೆಗಳ ಬಳಿ ಅಭ್ಯಾಸ ಮಾಡಿ ಹಿಂತಿರುಗುವಂತಾಯಿತು.

ತಂದೆ ಕೊಟ್ಟ ಆಸ್ತಿ

ಆ ಹುಡುಗರಲ್ಲಿ ಒಬ್ಬ ದಾವಿದ್ ಬೆಲ್. ಹುಟ್ಟಿದ್ದು 1973ರಲ್ಲಿ, ಫ್ರಾನ್ಸಿನ ಉತ್ತರ ಕರಾವಳಿಯ ಫೆಕಾಂ ಎಂಬ ಊರಿನಲ್ಲಿ. ಹದಿಹರೆಯದಲ್ಲಿ ಲಿಸ್‌ಗೆ ಬಂದ. ಅವನ ಕಥೆ ಅರ್ಥವಾಗಬೇಕಾದರೆ ಅವನ ತಂದೆ ರೇಮೋಂ ಬೆಲ್ ಅವರ ಕಥೆ ತಿಳಿಯಬೇಕು.

ರೇಮೋಂ 1939ರಲ್ಲಿ ಅಂದಿನ ಫ್ರೆಂಚ್ ಇಂಡೋಚೀನಾದಲ್ಲಿ, ಈಗಿನ ವಿಯೆಟ್ನಾಮಿನ ಹುಯೆ ನಗರದಲ್ಲಿ ಹುಟ್ಟಿದರು. ಯುದ್ಧದ ಕಾಲ. ಬಾಲ್ಯದಲ್ಲೇ ಮನೆಯವರಿಂದ ಅಗಲಿ ದಲಾತ್ ಊರಿನ ಸೈನಿಕ ಶಾಲೆಯನ್ನು ಸೇರಬೇಕಾಯಿತು. ಕಠೋರ ವಾತಾವರಣ. ಎಲ್ಲರಿಗಿಂತ ಚಿಕ್ಕವನಾದ ಹುಡುಗ ಬಲಿಷ್ಠರ ಕೈಗೆ ಸಿಕ್ಕರೆ ಉಳಿಗಾಲವಿಲ್ಲ. ಆದ್ದರಿಂದ ಉಳಿದವರು ಮಲಗಿದ ಮೇಲೆ ಎದ್ದು, ಕತ್ತಲಲ್ಲೇ ಅಡೆತಡೆಗಳ ಹಾದಿಯಲ್ಲಿ ಓಡಿ, ಮರ ಹತ್ತಿ, ಹಗ್ಗ ಏರಿ ಅಭ್ಯಾಸ ಮಾಡಿದ. ಮೆಚ್ಚುಗೆಗಾಗಿ ಅಲ್ಲ, ಆ ಹೊತ್ತಿನಲ್ಲಿ ನೋಡುವವರೇ ಇರಲಿಲ್ಲ. ಬದುಕಿ ಉಳಿಯುವುದಕ್ಕಾಗಿ.

1954ರಲ್ಲಿ ಫ್ರಾನ್ಸಿಗೆ ಬಂದ ರೇಮೋಂ ಮುಂದೆ ಪ್ಯಾರಿಸ್ ಅಗ್ನಿಶಾಮಕ ದಳ ಸೇರಿದರು. ಅದು ಸೇನೆಗೆ ಸೇರಿದ ದಳ. ಅಲ್ಲಿನ ಶಿಸ್ತೂ ಸೈನಿಕರದೇ. ಹಗ್ಗ ಏರುವುದರಲ್ಲಿ ರೇಮೋಂ ಹೆಸರುವಾಸಿಯಾದರು. 1969ರ ಜನವರಿಯಲ್ಲಿ ನೋತ್ರ್ ದಾಮ್ ಕ್ಯಾಥೆಡ್ರಲಿನ ಶಿಖರದ ತುದಿಗೆ ಯಾರೋ ವಿಯೆಟ್ನಾಂ ವಿಮೋಚನಾ ರಂಗದ ಧ್ವಜ ಕಟ್ಟಿದ್ದರು. ಅದನ್ನು ಇಳಿಸಲು ಹೆಲಿಕಾಪ್ಟರಿನಿಂದ ನೇತಾಡುತ್ತ ಹೋದ ಅಗ್ನಿಶಾಮಕ ದಳದವರಲ್ಲಿ ರೇಮೋಂ ಕೂಡ ಇದ್ದರು. ಆ ಶಿಖರ 2019ರ ಬೆಂಕಿಯಲ್ಲಿ ಕುಸಿದು, ಮರುನಿರ್ಮಾಣಗೊಂಡು, 2024ರ ಡಿಸೆಂಬರಿನಲ್ಲಿ ಕ್ಯಾಥೆಡ್ರಲು ಮತ್ತೆ ತೆರೆದದ್ದು ಓದುಗರಿಗೆ ತಿಳಿದದ್ದೇ.

ಮಗನಿಗೆ ತಂದೆ ಹೇಳಿಕೊಟ್ಟದ್ದು ಹಾರುವ ಚಮತ್ಕಾರವನ್ನಲ್ಲ. ಕಲಿತದ್ದು ಉಪಯೋಗಕ್ಕೆ ಬರಬೇಕು ಎಂಬ ಒಂದು ಮಾತನ್ನು. ಬೆಂಕಿ ಹೊತ್ತಿದ ಮನೆಯಲ್ಲಿ ಮಗು ಸಿಕ್ಕಿಕೊಂಡಿದ್ದರೆ ಗೋಡೆ ಹತ್ತಿದರಷ್ಟೇ ಸಾಲದು, ಮಗುವನ್ನು ಎತ್ತಿಕೊಂಡು ಇಳಿಯುವ ಶಕ್ತಿಯೂ ಉಳಿದಿರಬೇಕು. ಕಾಲು ಉಳುಕಿಸಿಕೊಂಡ ರಕ್ಷಕ ತಾನೇ ರಕ್ಷಣೆಗೆ ಕಾಯುವವನಾಗುತ್ತಾನೆ. ರೇಮೋಂ 1999ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅವರು ಕೊಟ್ಟ ಆಸ್ತಿ ಮಗನ ಗೆಳೆಯರ ಬಳಗದಲ್ಲೆಲ್ಲ ಹಂಚಿಹೋಗಿತ್ತು.

ಜ್ವಾಲಾಮುಖಿ ಕಲಿಸಿದ ಪಾಠ

ಈ ‘ಉಪಯೋಗಕ್ಕೆ ಬರಬೇಕು’ ಎಂಬ ಮಾತಿನ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. 1902ರ ಮೇ 8ರಂದು ಕೆರಿಬಿಯನ್ ಸಮುದ್ರದ ಮಾರ್ತಿನೀಕ್ ದ್ವೀಪದಲ್ಲಿ ಪೆಲೆ ಎಂಬ ಜ್ವಾಲಾಮುಖಿ ಸಿಡಿದು, ಸೇಂಟ್ ಪಿಯೆರ್ ಪಟ್ಟಣವನ್ನು ಕೆಲವೇ ನಿಮಿಷಗಳಲ್ಲಿ ಸುಟ್ಟುಹಾಕಿತು. ಸತ್ತವರು ಸುಮಾರು 28,000 ಮಂದಿ. ಆಗ ಅಲ್ಲಿ ರಕ್ಷಣಾ ಕಾರ್ಯದಲ್ಲಿ ತೊಡಗಿದ್ದ ಫ್ರೆಂಚ್ ನೌಕಾಪಡೆಯ ಯುವ ಅಧಿಕಾರಿ ಜಾರ್ಜ್ ಎಬೇರ್. ಆಪತ್ತಿನಲ್ಲಿ ಮನುಷ್ಯನಿಗೆ ಬೇಕಾಗುವುದು ಪ್ರದರ್ಶನದ ಮಾಂಸಖಂಡವಲ್ಲ, ಓಡುವ, ಹತ್ತುವ, ಹೊರುವ, ಈಜುವ ಮೈ ಎಂಬುದು ಅವರ ಮನಸ್ಸಿಗೆ ನಾಟಿತು.

ಮುಂದೆ ಅವರು ರೂಪಿಸಿದ ‘ಸಹಜ ವಿಧಾನ’ದಲ್ಲಿ ನಡಿಗೆ, ಓಟ, ನೆಗೆತ, ಕೈಕಾಲೂರಿ ನಡೆಯುವುದು, ಹತ್ತುವುದು, ಸಮತೋಲ, ಎಸೆತ, ಭಾರ ಎತ್ತುವುದು, ಆತ್ಮರಕ್ಷಣೆ, ಈಜು ಎಂಬ ಹತ್ತು ಅಂಗಗಳಿದ್ದವು. ಉಪಯೋಗಕ್ಕೆ ಬರುವುದಕ್ಕಾಗಿ ಬಲಶಾಲಿಯಾಗು ಎಂಬುದು ಅವರ ಸೂತ್ರ. ಈ ವಿಧಾನ ಫ್ರಾನ್ಸಿನ ಸೇನೆಯ ತರಬೇತಿಯಲ್ಲೂ, ಸೈನಿಕರು ಓಡಿ ದಾಟಬೇಕಾದ ಅಡೆತಡೆಗಳ ಹಾದಿಯಲ್ಲೂ ತನ್ನ ಗುರುತು ಬಿಟ್ಟಿತು. ಆ ಹಾದಿಗೆ ಫ್ರೆಂಚಿನಲ್ಲಿ ‘ಪಾರ್ಕೂರ್’ ಎನ್ನುತ್ತಾರೆ. 1998ರಲ್ಲಿ ದಾವಿದ್ ಬೆಲ್‌ನ ಗೆಳೆಯ, ನಟ ಉಬೇರ್ ಕೂಂಡೆ ಆ ಪದದ ಅಕ್ಷರಗಳನ್ನು ಸ್ವಲ್ಪ ತಿದ್ದಿ ಹೊಸ ಹೆಸರು ಸೂಚಿಸಿದ. ಹೀಗೆ ಪಾರ್ಕೋರ್ ಎಂಬ ಹೆಸರು ನಿಂತಿತು.

ಇದು ಒಬ್ಬನ ಸೃಷ್ಟಿಯಲ್ಲ ಎಂಬುದನ್ನೂ ಹೇಳಬೇಕು. ಯಾನ್ ನೌತ್ರ, ಸೆಬಾಸ್ಟಿಯನ್ ಫೂಕಾನ್ ಮೊದಲಾದ ಗೆಳೆಯರು ಮತ್ತು ಬೆಲ್ ಕುಟುಂಬದ ಕೆಲವರು ಸೇರಿ 1997ರ ಸುಮಾರಿಗೆ ‘ಯಮಕಾಸಿ’ ಎಂಬ ತಂಡ ಕಟ್ಟಿಕೊಂಡರು. ಅದು ಆಫ್ರಿಕದ ಲಿಂಗಾಲ ಭಾಷೆಯ ಪದ. ಗಟ್ಟಿ ಮೈ, ಗಟ್ಟಿ ಮನಸ್ಸು ಎಂಬ ಅರ್ಥ ಅದಕ್ಕಿದೆ. ಈ ಹುಡುಗರ ಮನೆತನಗಳ ಬೇರು ವಿಯೆಟ್ನಾಂ, ಕಾಂಗೋ, ಸೆನೆಗಲ್ ಹೀಗೆ ಹಲವು ನಾಡುಗಳಲ್ಲಿತ್ತು. ಕೈಯಲ್ಲಿ ಕಾಸಿಲ್ಲ, ಆಟದ ಸಾಮಾನಿಲ್ಲ, ಕ್ಲಬ್ಬಿನ ಸದಸ್ಯತ್ವವಿಲ್ಲ. ಇದ್ದದ್ದು ಊರಿನ ಗೋಡೆ ಮಾತ್ರ.

ತೆರೆ ತೋರಿಸಿದ್ದು, ತೆರೆ ಮುಚ್ಚಿಟ್ಟದ್ದು

2001ರಲ್ಲಿ ‘ಯಮಕಾಸಿ’ ಎಂಬ ಹೆಸರಿನ ಚಲನಚಿತ್ರವೇ ಬಂತು. 2003ರಲ್ಲಿ ಬ್ರಿಟನ್ನಿನ ಚಾನೆಲ್ ಫೋರ್ ‘ಜಂಪ್ ಲಂಡನ್’ ಎಂಬ ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. 2004ರ ‘ಬಾನ್‌ಲ್ಯೂ 13’ ಚಿತ್ರದಲ್ಲಿ ದಾವಿದ್ ಬೆಲ್ ನಾಯಕರಲ್ಲಿ ಒಬ್ಬ. 2006ರ ಜೇಮ್ಸ್ ಬಾಂಡ್ ಚಿತ್ರ ‘ಕ್ಯಾಸಿನೊ ರೊಯಾಲ್’ನ ಆರಂಭದಲ್ಲಿ ಬಾಂಡ್ ಬೆನ್ನಟ್ಟುವ, ಕ್ರೇನಿನ ತುದಿಗೂ ಹತ್ತಿ ಓಡುವ ಆಸಾಮಿ ಬೇರಾರೂ ಅಲ್ಲ, ಸೆಬಾಸ್ಟಿಯನ್ ಫೂಕಾನ್. ಲಿಸ್ ಹುಡುಗರ ಆಟ ಹೀಗೆ ಐದಾರು ವರ್ಷಗಳಲ್ಲಿ ಲೋಕಪ್ರಸಿದ್ಧವಾಯಿತು. ನಮ್ಮ ಬೆಂಗಳೂರಿನಲ್ಲೂ ಈಗ ಇದನ್ನು ಅಭ್ಯಾಸ ಮಾಡುವ ಯುವಕರ ಗುಂಪುಗಳಿವೆ.

ಆದರೆ ತೆರೆ ಒಂದು ಅನ್ಯಾಯ ಮಾಡಿತು. ಅದು ಕೊನೆಯ ಹತ್ತು ಸೆಕೆಂಡನ್ನು ತೋರಿಸಿ ಹಿಂದಿನ ಹತ್ತು ವರ್ಷವನ್ನು ಮುಚ್ಚಿಟ್ಟಿತು. ಮೊದಲ ತಲೆಮಾರಿನವರು ಒಂದೇ ನೆಗೆತವನ್ನು ನೆಲದ ಮೇಲೆ, ಆಮೇಲೆ ಮೊಣಕಾಲೆತ್ತರದ ಗೋಡೆಯ ಮೇಲೆ, ಆಮೇಲೆ ಇನ್ನೂ ಸ್ವಲ್ಪ ಎತ್ತರದಲ್ಲಿ ಎಂದು ನೂರಾರು ಬಾರಿ ಮಾಡಿದವರು. ಒಮ್ಮೆ ಸಾಧಿಸಿದ್ದನ್ನು ಸಾಧಿಸಿದ್ದೆಂದು ಅವರು ಒಪ್ಪುತ್ತಿರಲಿಲ್ಲ. ದಣಿದಾಗಲೂ ಹಾಗೆಯೇ ಬರುತ್ತದೆಯೇ ಎಂದು ನೋಡುತ್ತಿದ್ದರು. ಕ್ಯಾಮರಾ ಇಷ್ಟು ದಿನ ಕಾಯುವುದಿಲ್ಲ. ‘ಯಮಕಾಸಿ’ ಚಿತ್ರದ ಕಥೆಯಲ್ಲೇ ಒಬ್ಬ ಪುಟ್ಟ ಹುಡುಗ ಈ ವೀರರನ್ನು ಅನುಕರಿಸಲು ಹೋಗಿ ಮರ ಹತ್ತಿ ಪ್ರಾಣಾಪಾಯಕ್ಕೆ ಸಿಲುಕುತ್ತಾನೆ. ಚಿತ್ರ ನೋಡಿದವರು ಹಾರಾಟವನ್ನು ನೆನಪಿಟ್ಟುಕೊಂಡರು, ಆ ಹುಡುಗನನ್ನು ಮರೆತರು.

ಈಗ ಸಾಮಾಜಿಕ ಜಾಲತಾಣಗಳ ಕಾಲ. ಎತ್ತರದ ಕಟ್ಟಡದ ಅಂಚಿನಲ್ಲಿ ನಿಂತು ಚಿತ್ರ ತೆಗೆದುಕೊಳ್ಳುವುದನ್ನೂ ಜನ ಪಾರ್ಕೋರ್ ಎಂದೇ ತಿಳಿಯುತ್ತಾರೆ. ಅದು ಪಾರ್ಕೋರ್ ಅಲ್ಲ. ಅಲ್ಲಿ ದಾಟಬೇಕಾದ ಅಡೆತಡೆಯೂ ಇಲ್ಲ, ತಲುಪಬೇಕಾದ ಜಾಗವೂ ಇಲ್ಲ, ಅಭ್ಯಾಸವಂತೂ ಇಲ್ಲವೇ ಇಲ್ಲ. ಇರುವುದು ಅಪಾಯ ಮಾತ್ರ.

ಇಳಿಯುವುದೇ ಮೊದಲ ಪಾಠ

ಹಾಗಾದರೆ ಹೊಸಬರು ಮೊದಲು ಕಲಿಯುವುದೇನು? ಹಾರುವುದನ್ನಲ್ಲ, ಇಳಿಯುವುದನ್ನು. ಇದರ ಹಿಂದಿರುವುದು ಹತ್ತನೆಯ ತರಗತಿಯೊಳಗಿನ ಭೌತಶಾಸ್ತ್ರವೇ.

ಐವತ್ತು ಕಿಲೋ ತೂಕದ ವಿದ್ಯಾರ್ಥಿಯೊಬ್ಬ ಒಂದು ಮೀಟರು ಎತ್ತರದ ಕಟ್ಟೆಯಿಂದ ಕೆಳಗಿಳಿದ ಎನ್ನೋಣ. ನೆಲ ಮುಟ್ಟುವಾಗ ಅವನ ವೇಗ ಸೆಕೆಂಡಿಗೆ ಸುಮಾರು 4.4 ಮೀಟರು, ಅಂದರೆ ಗಂಟೆಗೆ 16 ಕಿಲೋಮೀಟರು. ಸಾಧಾರಣವಾಗಿ ಸೈಕಲ್ ಹೋಗುವ ವೇಗ. ಈ ವೇಗ ಸೊನ್ನೆಯಾಗಲೇಬೇಕು. ಪ್ರಶ್ನೆ ಇರುವುದು ಎಷ್ಟು ದೂರದಲ್ಲಿ ಸೊನ್ನೆಯಾಗಬೇಕು ಎಂಬುದರಲ್ಲಿ.

ಮೊಣಕಾಲನ್ನು ಸೆಟೆದುಕೊಂಡು ಹಿಮ್ಮಡಿಯೂರಿ ಇಳಿದರೆ ದೇಹ ಐದು ಸೆಂಟಿಮೀಟರಿನಷ್ಟು ಮಾತ್ರ ಕುಗ್ಗಿ ನಿಲ್ಲಬಹುದು. ಆಗ ಕಾಲಿನ ಮೇಲೆ ಬೀಳುವ ಸರಾಸರಿ ಬಲ ದೇಹದ ತೂಕದ 21 ಪಟ್ಟು, ಒಂದು ಟನ್ನಿಗೂ ಹೆಚ್ಚು! ಅದೇ ವಿದ್ಯಾರ್ಥಿ ಪಾದದ ಮುಂಭಾಗದಿಂದ ನೆಲ ಮುಟ್ಟಿ, ಹರಡು, ಮೊಣಕಾಲು, ಸೊಂಟ ಮೂರನ್ನೂ ಮಡಿಸುತ್ತ ಐವತ್ತು ಸೆಂಟಿಮೀಟರು ಕುಗ್ಗಿದರೆ ಆ ಬಲ ತೂಕದ ಮೂರು ಪಟ್ಟಿಗೆ ಇಳಿಯುತ್ತದೆ. ಸುಮಾರು 150 ಕಿಲೋ. ಎತ್ತರ ಅದೇ, ತೂಕ ಅದೇ, ನೆಲವೂ ಅದೇ. ವ್ಯತ್ಯಾಸ ಮಾಡಿದ್ದು ಇಳಿಯುವ ಕ್ರಮ ಮಾತ್ರ. ರಭಸದಿಂದ ಬಂದ ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಯನ್ನು ಹಿಂದಕ್ಕೆಳೆದುಕೊಳ್ಳುವುದೂ ಇದೇ ಕಾರಣಕ್ಕೆ.

ಸರಿಯಾಗಿ ಇಳಿದೆವೋ ಇಲ್ಲವೋ ಎಂದು ತಿಳಿಯಲು ಯಂತ್ರ ಬೇಕಾಗಿಲ್ಲ. ಕಿವಿ ಸಾಕು. ‘ಧಪ್’ ಎಂದು ಸದ್ದಾದರೆ ದೇಹ ಥಟ್ಟನೆ ನಿಂತಿದೆ ಎಂದರ್ಥ. ಬೆಕ್ಕು ಇಳಿದಂತೆ ಸದ್ದಿಲ್ಲದಿದ್ದರೆ ಬಲ ನಿಧಾನವಾಗಿ ಹಂಚಿಹೋಗಿದೆ ಎಂದರ್ಥ. ಅದಕ್ಕೇ ಪಾರ್ಕೋರ್ ಶಿಕ್ಷಕರು ಹೊಸಬರ ಇಳಿತವನ್ನು ನೋಡುವಷ್ಟೇ ಗಮನವಿಟ್ಟು ಕೇಳುತ್ತಾರೆ.

ಎತ್ತರ ಎರಡರಷ್ಟಾದರೆ ಕಾಲು ಅರಗಿಸಿಕೊಳ್ಳಬೇಕಾದ ಶಕ್ತಿಯೂ ಎರಡರಷ್ಟಾಗುತ್ತದೆ. ಆದರೆ ಮೊಣಕಾಲು ಎರಡರಷ್ಟು ಮಡಿಯುವುದಿಲ್ಲ. ಆಗ ನೆರವಿಗೆ ಬರುವುದು ಉರುಳು. ಮುಂದಕ್ಕೆ ಓಡುತ್ತ ಬಂದು ಇಳಿದವನು ಒಂದು ಹೆಗಲಿನಿಂದ ಎದುರು ಬದಿಯ ಸೊಂಟಕ್ಕೆ ಓರೆಯಾಗಿ ಉರುಳಿ ಎದ್ದು ಓಡುತ್ತಾನೆ. ಕೆಳಮುಖದ ವೇಗ ಮುಂದಿನ ಚಲನೆಗೆ ತಿರುಗಿ, ಹೊಡೆತ ಹೆಚ್ಚು ಕಾಲಕ್ಕೂ ಹೆಚ್ಚು ಅಂಗಗಳಿಗೂ ಹಂಚಿಹೋಗುತ್ತದೆ. ಓರೆಯಾಗಿ ಏಕೆ? ನೇರ ಪಲ್ಟಿ ಹೊಡೆದರೆ ಬೆನ್ನುಮೂಳೆಯ ಒಂದೊಂದು ಗಂಟೂ ಕಾಂಕ್ರೀಟಿಗೆ ತಾಗುತ್ತದೆ. ಆದ್ದರಿಂದಲೇ ಉರುಳನ್ನು ಹುಲ್ಲಿನ ಮೇಲೆ, ಮೊಣಕಾಲೂರಿದ ಸ್ಥಿತಿಯಿಂದಲೇ ಕಲಿಯಲು ಆರಂಭಿಸುತ್ತಾರೆ. ಉರುಳು ಬಂತೆಂದು ಎತ್ತರವನ್ನು ಮನಬಂದಂತೆ ಏರಿಸುವಂತಿಲ್ಲ ಎಂಬ ಎಚ್ಚರವೂ ಅದರ ಜೊತೆಗೇ ಇರಬೇಕು.

ಹೊಸಬರ ಮೊದಲ ತಿಂಗಳು

ಗರಡಿಮನೆಯ ಉಸ್ತಾದರು ಹೊಸ ಹುಡುಗನನ್ನು ಬಂದ ದಿನವೇ ಕುಸ್ತಿಗೆ ಬಿಡುತ್ತಿರಲಿಲ್ಲ. ಮೊದಲು ದಂಡ, ಬಸ್ಕಿ. ಪಾರ್ಕೋರ್ ಕೂಡ ಹಾಗೆಯೇ. ಮೊದಲ ವಾರಗಳಲ್ಲಿ ಕಾಲು ಭದ್ರವಾಗಲು ಬಸ್ಕಿ, ತೋಳು ಭದ್ರವಾಗಲು ದಂಡ ಹಾಗೂ ಕಂಬಿಗೆ ನೇತಾಡುವುದು, ಇಡೀ ಮೈಗೆ ಕೈಕಾಲೂರಿ ನಡೆಯುವುದು. ಈ ಕೊನೆಯದನ್ನು ಸುಲಭವೆಂದು ತಿಳಿದವರು ಮೈದಾನದ ಅರ್ಧ ಉದ್ದ ನಡೆದರೆ ಸಾಕು, ಅಭಿಪ್ರಾಯ ಬದಲಿಸುತ್ತಾರೆ.

ಆಮೇಲೆ ಸಮತೋಲ. ನೆಲದ ಮೇಲೆ ಎಳೆದ ಗೆರೆಯ ಮೇಲೆ ನಡೆಯುವುದು, ಬಳಿಕ ಒಂದು ಗೇಣು ಎತ್ತರದ ಕಟ್ಟೆಯ ಅಂಚಿನ ಮೇಲೆ. ಮೊಣಕಾಲು ತುಸು ಮಡಿಸಿದರೆ ದೇಹದ ಗುರುತ್ವ ಕೇಂದ್ರ ತಗ್ಗುತ್ತದೆ. ವಾಲಿದಾಗ ಸರಿಪಡಿಸಿಕೊಳ್ಳಲು ಅವಕಾಶ ಸಿಗುತ್ತದೆ. ನಂತರ ಗುರಿ ನೆಗೆತ. ನೆಲದ ಮೇಲೆ ಎರಡು ಗೆರೆ ಎಳೆದು ಒಂದರಿಂದ ಇನ್ನೊಂದಕ್ಕೆ ನೆಗೆದು, ಮುಂದಕ್ಕೂ ಹಿಂದಕ್ಕೂ ವಾಲದೆ, ನಿಂತಲ್ಲೇ ನಿಲ್ಲಬೇಕು. ಗೆರೆಯ ಮೇಲೆ ಹತ್ತಕ್ಕೆ ಹತ್ತು ಬಾರಿ ನಿಲ್ಲಲಾರದವನಿಗೆ ಗೋಡೆಯ ಅಂಚಿನ ಮೇಲೆ ಕೆಲಸವಿಲ್ಲ.

ಇದಾದ ಮೇಲೆಯೇ ಸೊಂಟದೆತ್ತರದ ಗೋಡೆಯನ್ನು ಒಂದು ಕೈ, ಒಂದು ಕಾಲು ಊರಿ ದಾಟುವ ಸರಳ ವಿಧಾನ. ಗೋಡೆಯ ಅಂಚಿಗೆ ಕೈಯಲ್ಲಿ ಜೋತು, ಪಾದವನ್ನು ಗೋಡೆಗೆ ಒತ್ತಿ ನಿಲ್ಲುವ ‘ತೋಳಿನ ನೆಗೆತ’, ಓಡಿಬಂದು ಎತ್ತರದ ಗೋಡೆಗೆ ಕಾಲೊದ್ದು ಅಂಚು ಹಿಡಿಯುವ ‘ಗೋಡೆ ದಾಟು’ ಇವೆಲ್ಲ ಆಮೇಲಿನ ತರಗತಿಗಳು.

ಖರ್ಚಿನ ಮಾತು ಕೇಳಿದರೆ ತಂದೆತಾಯಿಯರಿಗೆ ಸಮಾಧಾನವಾದೀತು. ಬೇಕಾದದ್ದು ಸಡಿಲ ಉಡುಪು, ಚೆನ್ನಾಗಿ ಹಿಡಿತವಿರುವ, ಬಾಗುವ ರಬ್ಬರ್ ಅಡಿಯ ಒಂದು ಜೊತೆ ಬೂಟು, ಅಷ್ಟೆ. ಕೈಗವಸು ಹಾಕುವವರು ಕಡಿಮೆ. ಅಂಗೈಗೆ ಗೋಡೆಯ ಸ್ಪರ್ಶ ತಿಳಿಯಬೇಕು. ಮಳೆ ಬಿದ್ದು ಕಟಕಟೆ ಒದ್ದೆಯಾದರೆ ಘರ್ಷಣೆ ಕುಗ್ಗುತ್ತದೆ, ಅಂದು ಗೋಡೆಗೆ ರಜೆ, ನೆಲದ ಅಭ್ಯಾಸಕ್ಕೆ ಅಲ್ಲ.

ಹಾಗೆಂದು ಅಪಾಯವೇ ಇಲ್ಲ ಎನ್ನುವಂತಿಲ್ಲ. ಹರಡು ಉಳುಕುವುದು, ಮಣಿಕಟ್ಟು ನೋಯುವುದು, ಮೊಣಗಂಟು ತರಚುವುದು ಇದ್ದದ್ದೇ. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಪದರವಿರುತ್ತದೆ. ಪದೇ ಪದೇ ಎತ್ತರದಿಂದ ಧುಮುಕಿದರೆ ಪೆಟ್ಟು ಅಲ್ಲಿಗೇ ಬೀಳಬಹುದು. ಆದ್ದರಿಂದ ಚಿಕ್ಕವರಿಗೆ ಎತ್ತರದ ಅಭ್ಯಾಸ ಸಲ್ಲದು. ನೋವಿದ್ದಾಗ ಬಿಡುವು ಕೊಡುವುದು ಹೇಡಿತನವಲ್ಲ, ಅಭ್ಯಾಸದ ಭಾಗ.

ಆಟವೋ, ಸ್ಪರ್ಧೆಯೋ?

ಲಿಸ್ ಹುಡುಗರ ವಿದ್ಯೆ ಈಗ ಸರ್ಕಾರಿ ಕಾಗದಪತ್ರಗಳಿಗೂ ಬಂದಿದೆ. 2017ರಲ್ಲಿ ಬ್ರಿಟನ್ ಇದನ್ನು ಅಧಿಕೃತ ಕ್ರೀಡೆಯೆಂದು ಮಾನ್ಯ ಮಾಡಿತು. ಅಂತಾರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ 2018ರಲ್ಲಿ ಇದನ್ನು ತನ್ನ ವಿಭಾಗಗಳಲ್ಲೊಂದಾಗಿ ಸೇರಿಸಿಕೊಂಡಿತು. 2022ರಲ್ಲಿ ಟೋಕಿಯೊದಲ್ಲಿ ಅದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಪದಕ, ಅಂಕ, ಸಮಯ ಎಲ್ಲವೂ ಬಂದವು.

ಪಾರ್ಕೋರ್ ಅಭ್ಯಾಸಿಗಳಲ್ಲೇ ಹಲವರಿಗೆ ಇದು ಹಿಡಿಸಲಿಲ್ಲ. ತಮ್ಮ ವಿದ್ಯೆಯನ್ನು ಬೇರೊಂದು ಒಕ್ಕೂಟ ತನ್ನದೆಂದು ಹೇಳಿಕೊಳ್ಳುವುದು ಸರಿಯಲ್ಲ, ಇತರರನ್ನು ಸೋಲಿಸುವುದು ಇದರ ಉದ್ದೇಶವೇ ಅಲ್ಲ ಎಂಬುದು ಅವರ ವಾದ. ಸ್ಪರ್ಧೆಯಿಂದ ತರಬೇತುದಾರರು, ಸುರಕ್ಷಿತ ಅಂಕಣಗಳು, ಪೋಷಕರ ನಂಬಿಕೆ ದೊರೆಯುತ್ತದೆ ಎಂಬುದು ಇನ್ನೊಂದು ಪಕ್ಷ. ಎರಡರಲ್ಲೂ ಹುರುಳಿದೆ. ಆದರೆ ಕತ್ತಲಲ್ಲಿ ಒಬ್ಬನೇ ಅಭ್ಯಾಸ ಮಾಡಿದ ದಲಾತ್ ಶಾಲೆಯ ಹುಡುಗನಿಗೆ ಅಂಕ ಕೊಡುವವರು ಯಾರೂ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಈ ವಿದ್ಯೆಯ ಸೆಳೆತ ಇರುವುದೂ ಅಲ್ಲಿಯೇ. ತರಗತಿಯಲ್ಲಿ ಹಿಂದಿನ ಬೆಂಚಿನವನು, ತಂಡಕ್ಕೆ ಆಯ್ಕೆಯಾಗದವನು, ದಪ್ಪಗಿರುವವಳು, ಕುಳ್ಳಗಿರುವವಳು ಯಾರು ಬೇಕಾದರೂ ಒಂದು ಗೋಡೆಯ ಮುಂದೆ ನಿಂತು ತನಗೆ ತಕ್ಕ ಒಂದು ಲೆಕ್ಕ ಹಾಕಿಕೊಳ್ಳಬಹುದು. ಕಳೆದ ತಿಂಗಳು ದಾಟಲಾಗದ ಕಟ್ಟೆಯನ್ನು ಈ ತಿಂಗಳು ದಾಟಿದರೆ ಅದು ಸುಳ್ಳು ಹೇಳಲಾಗದ ಪ್ರಗತಿಪತ್ರ. ಜೊತೆಗೆ ಇನ್ನೊಂದು ಲಾಭವುಂಟು. ಹೆದರಿಕೆ ಎಂಬುದು ಓಡಿಸಬೇಕಾದ ಶತ್ರುವಲ್ಲ, ಕೇಳಬೇಕಾದ ಸಲಹೆ ಎಂದು ಅಭ್ಯಾಸಿ ಕಲಿಯುತ್ತಾನೆ. ‘ಇಂದು ಬೇಡ’ ಎಂದು ಗೋಡೆಯ ಅಂಚಿನಿಂದ ಹಿಂದಕ್ಕೆ ಇಳಿದು ಬರುವುದಕ್ಕೆ, ಅದೂ ಗೆಳೆಯರು ನೋಡುತ್ತಿರುವಾಗ, ನೆಗೆಯುವುದಕ್ಕಿಂತ ಹೆಚ್ಚಿನ ಗಟ್ಟಿತನ ಬೇಕು. ಈ ಗಟ್ಟಿತನ ಬಂದ ಮಗುವಿನ ಬಗ್ಗೆ ಮನೆಯವರು ಗೋಡೆಯ ವಿಷಯದಲ್ಲಷ್ಟೇ ಅಲ್ಲ, ಇತರ ವಿಷಯಗಳಲ್ಲೂ ಸ್ವಲ್ಪ ನಿಶ್ಚಿಂತರಾಗಿರಬಹುದು.

ಮಗ ಅಥವಾ ಮಗಳು ಪಾರ್ಕೋರ್ ಕಲಿಯುತ್ತೇನೆ ಎಂದಾಗ ‘ಬೇಡ’ ಎಂದುಬಿಡುವುದು ಸುಲಭ. ಆದರೆ ಬೇಡವೆಂದ ಮಾತ್ರಕ್ಕೆ ಗೋಡೆಗಳು ಮಾಯವಾಗುವುದಿಲ್ಲ. ಅಭ್ಯಾಸ ಮನೆಯವರ ಕಣ್ಣು ತಪ್ಪಿಸಿ, ಗುರುವಿಲ್ಲದೆ, ಮೊಬೈಲು ನೋಡಿಕೊಂಡು ನಡೆದೀತು. ಅದಕ್ಕಿಂತ ಕಲಿಸುವವರು ಯಾರು, ಮೊದಲ ದಿನ ಏನು ಕಲಿಸುತ್ತಾರೆ ಎಂದು ಹೋಗಿ ನೋಡುವುದು ಮೇಲು. ಮೊದಲ ದಿನವೇ ಎತ್ತರಕ್ಕೆ ಹತ್ತಿಸಿ ಚಿತ್ರ ತೆಗೆಯುವ ಕಡೆ ಮಕ್ಕಳನ್ನು ಬಿಡಬಾರದು. ನೆಲದ ಮೇಲೆ ಗೆರೆ ಎಳೆದು, ಇಳಿತದ ಸದ್ದಿಗೆ ಕಿವಿಗೊಡುವ ಗುರು ಸಿಕ್ಕರೆ ಅಂಥಲ್ಲಿ ಬಿಡಬಹುದು. ಗೆರೆ ಎಳೆಯಲು ಬೇಕಾದದ್ದು ಒಂದು ಸೀಮೆಸುಣ್ಣ. ಇಳಿದು ಅಭ್ಯಾಸ ಮಾಡಲು ಮನೆಯ ಮುಂದಿನ ಒಂದೇ ಮೆಟ್ಟಿಲು ಸಾಕು.